ಗೂಟದ ಮೇಲಿನ ಕೋಟು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ಕೆಲವು ಸಂಗತಿಗಳು ನಾನು ನೆನಪಿಟ್ಟುಕೊಂಡಂತೆಯೇ ನಡೆದಿರಲಿಕ್ಕಿಲ್ಲ. ನನಗೆ ದಿನಚರಿ ಬರೆಯುವ ಚಟವಿದೆ. ಹಾಗಾಗಿ ನನ್ನ ನೆನಪು ಗಟ್ಟಿ ಎಂದು ಮನೆಯವರೆಲ್ಲ ನಂಬಿದ್ದಾರೆ. ನೆನಪು ಗಟ್ಟಿ ಇದ್ದವರು ದಿನಚರಿ ಯಾಕೆ ಬರೆಯುತ್ತಾರೆ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಬೆಟಗೇರಿಯ ಕಣ್ಣಿನ ಶಿಬಿರದ ಬಗ್ಗೆ ಬರೆಯೋಣವೆಂದು ಆ ಹಳೆಯ ನೋಟುಬುಕ್ಕು ತೆಗೆದು ನೋಡಿದರೆ, ಅದರಲ್ಲಿ ತಾರೀಖು ಇದೆ, ವಾರ ಇದೆ, ಆ ದಿನ ಮಾಡಿದ ಹೀರೇಕಾಯಿ ಪಲ್ಯವೂ ಇದೆ. ವರ್ಷ ಮಾತ್ರ ಇಲ್ಲ. ಬಿ.ಎ. ಮುಗಿಸಿ ಬಂದ ಹೊಸತರಲ್ಲಿ ವರ್ಷ ಬದಲಾಗುತ್ತದೆ ಎಂಬುದೇ ನನಗೆ ಹೊಳೆದಿರಲಿಲ್ಲವೋ ಏನೋ. ಸ್ವಾತಂತ್ರ್ಯ ಬಂದಾಗಿತ್ತು, ಅದು ಖಂಡಿತ. ಏಕೀಕರಣ ಇನ್ನೂ ಆಗಿರಲಿಲ್ಲ, ಅದೂ ಖಂಡಿತ. ಯಾಕೆಂದರೆ ಡಾಕ್ಟರು ತುಂಬುತ್ತಿದ್ದ ಫಾರ್ಮುಗಳು ಮರಾಠಿಯಲ್ಲಿ ಅಚ್ಚಾಗಿ ಬಂದಿದ್ದವು, ನಾನು ಅವುಗಳ ಬೆನ್ನಿಗೆ ಹಟ ಹಿಡಿದು ಎಲ್ಲವನ್ನೂ ಕನ್ನಡದಲ್ಲಿ ಇನ್ನೊಮ್ಮೆ ಬರೆಯುತ್ತಿದ್ದೆ. ಕನ್ನಡದ ಆ ಸೇವೆಯಿಂದಾಗಿ ಸಾಲು ನಿಧಾನವಾಯಿತೆಂದು ಡಾಕ್ಟರು ಹೇಳಿದ್ದು ಮಾತ್ರ ದಿನಚರಿಯಲ್ಲಿಲ್ಲ. ಅದು ನೆನಪಿನಲ್ಲೇ ಇದೆ.

ಡಾಕ್ಟರು ಹುಬ್ಬಳ್ಳಿ ಕಡೆಯವರು, ನಿವೃತ್ತರಾದವರು. ಐದು ದಿನ ಬೆಟಗೇರಿಯ ಶಾಲೆಯೊಂದರಲ್ಲಿ ಕೂತು ಕಣ್ಣು ನೋಡಿ, ಪೊರೆ ಬಂದವರಿಗೆ ಅಲ್ಲಿಯೇ ಆಪರೇಷನ್ ಮಾಡುತ್ತೇನೆ ಎಂದು ಒಪ್ಪಿಕೊಂಡಿದ್ದರು. ಅವರು ಮತ್ತೆ ಯಾವಾಗ ಬರುತ್ತಾರೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಊರೂರಿಗೆ ಹೋಗಿ ಹೆಣ್ಣುಮಕ್ಕಳಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ನೇಕಾರರ ಓಣಿಯಲ್ಲಿ ಬಿ.ಎ. ಆದ ಮೊದಲ ಹುಡುಗಿ ನಾನು. ಭಾಷಣ ಮಾಡಲು ಇಷ್ಟು ಸಾಕೆಂದು ಎಲ್ಲರೂ ತಿಳಿದರು. ನಾನಂತೂ ತಿಳಿದೇ ಇದ್ದೆ.

ತೊಂದರೆ ಇದ್ದದ್ದು ನನ್ನ ಕನ್ನಡಕದಲ್ಲಿ. ಶಿಗ್ಲಿಯಲ್ಲಿ ಅರ್ಧ ಗಂಟೆ ನಿಂತು, ಕಣ್ಣನ್ನು ಹೇಗೆ ತೊಳೆಯಬೇಕು, ಒಬ್ಬರ ಕಾಡಿಗೆ ಇನ್ನೊಬ್ಬರು ಯಾಕೆ ಹಚ್ಚಿಕೊಳ್ಳಬಾರದು, ಪೊರೆ ಎಂದರೇನು, ಎಲ್ಲವನ್ನೂ ವಿವರಿಸಿದೆ. ಮುಗಿದ ಮೇಲೆ ಒಬ್ಬ ಅಜ್ಜಿ ತನ್ನ ಮೊಮ್ಮಗಳ ಗಲ್ಲ ಹಿಡಿದು ನನ್ನತ್ತ ತಿರುಗಿಸಿ, "ನೋಡ್, ಭಾಳ ಓದಿದ್ರ ಹಿಂಗ ಆಕ್ಕೈತಿ. ನಾಳಿಂದ ಸಾಲಿ ಬ್ಯಾಡ" ಎಂದಳು. ಇನ್ನೊಬ್ಬಳು ಕನಿಕರದಿಂದ, "ಲಗ್ನ ಆಗೇತೇನವ್ವಾ ನಿನಗ?" ಎಂದು ಕೇಳಿದಳು. ಇಲ್ಲ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣಿನ ಆರೋಗ್ಯ ಸಾರಲು ಹೋಗಿ ಹೆಣ್ಣುಮಕ್ಕಳ ಓದಿಗೇ ಕಲ್ಲು ಹಾಕಿ ಬಂದೆನಲ್ಲ ಎಂದು ಬಸ್ಸಿನಲ್ಲಿ ಅಳು ಬಂತು. ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಕನ್ನಡಕ ತೆಗೆದು ಚೀಲದಲ್ಲಿಟ್ಟು ಮಾತಾಡಿದೆ. ಜನ ಕೇಳಿದರು. ಮುಂಡರಗಿಯಲ್ಲಿ ಮಾತ್ರ, "ಹಿಂದೆ ನಿಂತಿರುವ ತಾಯಿ ದಯವಿಟ್ಟು ಮುಂದೆ ಬರಬೇಕು" ಎಂದು ಮೂರು ಸಲ ಕರೆದೆ. ನಾಲ್ಕನೆಯ ಸಲ ಅಲ್ಲಿಂದ ಗಂಡು ದನಿಯೊಂದು, "ನಾ ಬಸ್ಸಿಗೆ ನಿಂತೇನ್ರಿ ಬಾಯಾರ" ಎಂದಿತು. ಕಂಬಳಿ ಹೊದ್ದಿದ್ದನಂತೆ.

ಇಷ್ಟಾದರೂ ಜನ ಬಂದರು. ಬಂದವರಲ್ಲಿ ಮುಕ್ಕಾಲು ಪಾಲು ನಮ್ಮ ಬೆಟಗೇರಿಯವರೇ ಎಂಬುದು ಬೇರೆ ಮಾತು. ಮೊದಲ ದಿನವೇ, ಕಣ್ಣು ಪರೀಕ್ಷೆಗೆಂದು ಡಾಕ್ಟರು ತಂದಿದ್ದ ಅಕ್ಷರದ ಹಾಳೆ ಕೈಕೊಟ್ಟಿತು. ಸಾಲಿನಲ್ಲಿ ನಿಂತ ಹೆಂಗಸರಿಗೆ ಓದು ಬರುತ್ತಿರಲಿಲ್ಲ. ಮೇಲಿನ ದೊಡ್ಡ ಅಕ್ಷರ ತೋರಿಸಿ ಏನು ಕಾಣುತ್ತದೆ ಎಂದರೆ, "ಏನೋ ಬರದೀರಿ" ಎನ್ನುತ್ತಿದ್ದರು. ಕೆಳಗಿನ ಸಣ್ಣದಕ್ಕೂ ಅದೇ ಉತ್ತರ. ಒಬ್ಬೊಬ್ಬರನ್ನೂ ದೀಪ ಹಿಡಿದು ನೋಡುತ್ತ ಕೂತರೆ ಐದು ದಿನ ಯಾತಕ್ಕೂ ಸಾಲದು ಎಂದು ಡಾಕ್ಟರು ತಲೆಗೆ ಕೈ ಹಚ್ಚಿದರು.

ಆಗ ನನಗೊಂದು ಉಪಾಯ ಹೊಳೆಯಿತು. ಅದು ಹೊಳೆದ ಗಳಿಗೆಯನ್ನು ದಿನಚರಿಯಲ್ಲಿ ಎರಡು ಸಲ ಬರೆದಿದ್ದೇನೆ, ಅಷ್ಟು ಹೆಮ್ಮೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಬೇಕಾಗುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡೂ ತುದಿ ಹೊಸೆದು ಕೂಡಿಸುವ ಈ ಕೆಲಸ ನಮ್ಮ ಓಣಿಯಲ್ಲಿ ಹೆಂಗಸರದು. ಎಳೆ ಕೂದಲಿನಷ್ಟು ಸಣ್ಣದು. ಅದನ್ನು ಜೋಡಿಸಬಲ್ಲವಳ ಕಣ್ಣು ಚೆನ್ನಾಗಿರಲೇಬೇಕು. ಆದ್ದರಿಂದ ಪ್ರತಿಯೊಬ್ಬಳಿಗೂ ಹತ್ತು ಎಳೆ ಕೊಡೋಣ, ಜೋಡಿಸಿದವರು ಮನೆಗೆ, ಜೋಡಿಸದವರು ಡಾಕ್ಟರ ಮುಂದೆ. ಡಾಕ್ಟರು ಗಡಿಯಾರ ನೋಡಿ, "ಆತು, ಒಂದ್ ದಿನ ಮಾಡಿ ನೋಡ್ರಿ" ಎಂದರು. ಅವರಿಗೆ ಊಟದ ಹೊತ್ತಾಗಿತ್ತು ಎಂಬುದನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ಸಾಲಿನ ಬಹುತೇಕ ಎಲ್ಲರೂ ಪಾಸಾದರು. ಎಪ್ಪತ್ತರ ಮುದುಕಿಯರು ಬೂದಿ ಬೇಡಿ, ಹತ್ತು ಎಳೆ ಹೊಸೆದು, ಸೆರಗು ಝಾಡಿಸಿ ಎದ್ದು ಹೋದರು. ಬೆಟಗೇರಿಯ ಹೆಣ್ಣುಮಕ್ಕಳ ಕಣ್ಣು ಇಡೀ ಮುಂಬಯಿ ಪ್ರಾಂತದಲ್ಲೇ ಶ್ರೇಷ್ಠ ಎಂದು ನಾನು ಆ ಮಧ್ಯಾಹ್ನವೇ ಬರೆದಿಟ್ಟೆ. ಆ ಸಾಲಿನ ಮೇಲೆ ಈಗ ದಪ್ಪ ಗೀಟು ಇದೆ.

ಕೊನೆಗೆ ಬಂದವಳು ನೀಲತ್ತಿ, ನನ್ನ ಅಪ್ಪನ ಅಕ್ಕ. ನಾನು ಧಾರವಾಡಕ್ಕೆ ಓದಲು ಹೊರಟಾಗ ಮನೆಮಂದಿಯೆಲ್ಲ ಬೇಡವೆಂದರೂ, "ಹೋಗ್ಲಿ ಬಿಡ್ರಿ, ಮಗ್ಗದ ಕುಣಿಯಾಗ ಇಳ್ಯಾಕ ನಾವು ಅದೀವಿ" ಎಂದವಳು ಅವಳೇ. ಎಳೆ ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಬೇರೆಯವರು ಐದು ಜೋಡಿಸುವುದರಲ್ಲಿ ಅವಳು ಹತ್ತನ್ನೂ ಮುಗಿಸಿ, "ಇನ್ನ ಅದಾವೇನ?" ಎಂದು ಕೇಳಿದಳು. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ನಕ್ಕರು. ಅಷ್ಟು ಜನರ ಮುಂದೆ ನನ್ನ ಪರೀಕ್ಷೆಯ ಮರ್ಯಾದೆ ಆಕಾಶಕ್ಕೆ ಏರಿತು. ಕಿಟಕಿಯ ಹತ್ತಿರ ಕೂತಿದ್ದ ಡಾಕ್ಟರು ತಮ್ಮ ದೊಡ್ಡ ಗಂಟಲಿನಲ್ಲಿ, "ಶಾಭಾಶ್ ತಾಯಿ, ಹೋಗಿ ಬರ್ರಿ" ಎಂದರು.

ಅತ್ತಿ ಎದ್ದಳು. ಕಿಟಕಿಯ ಎದುರಿನ ಗೋಡೆಯ ಗೂಟಕ್ಕೆ ಡಾಕ್ಟರು ತಮ್ಮ ಕರಿ ಕೋಟು ತೂಗುಹಾಕಿ ಅದರ ಮೇಲೆ ಟೊಪ್ಪಿಗೆ ಇಟ್ಟಿದ್ದರು. ಅತ್ತಿ ನಾಲ್ಕು ಹೆಜ್ಜೆ ನಡೆದು ಆ ಕೋಟಿನ ಮುಂದೆ ನಿಂತು, ಎರಡೂ ಕೈ ಜೋಡಿಸಿ, "ಬರ್ತೀನ್ರಿ ಡಾಕ್ಟರ್ ಸಾಹೇಬ್ರ. ನಮ್ಮ ಹುಡುಗಿನ್ನ ನಿಮ್ಮ ಜೋಡಿ ಕೆಲಸಕ್ಕ ಕರಕೊಂಡೀರಿ, ಭಾಳ ಉಪಕಾರ ಆತು" ಎಂದಳು.

ಬಾಗಿಲಲ್ಲಿ ಒಬ್ಬರು ನಗಲು ಹೋಗಿ ನಿಲ್ಲಿಸಿದರು. ನನ್ನ ಕೈಯಲ್ಲಿ ಫಾರ್ಮು ಇತ್ತು, ಅದರ ಬೆನ್ನಿಗೆ 'ದೋಷವಿಲ್ಲ' ಎಂದು ಬರೆಯುತ್ತಿದ್ದವಳು 'ದೋ' ಬರೆದು ಕೂತೆ. ಡಾಕ್ಟರು ಸದ್ದಿಲ್ಲದೆ ಎದ್ದರು. ಕಿಟಕಿಯಿಂದ ಗೋಡೆಯವರೆಗೆ ಬೆಕ್ಕಿನ ಹಾಗೆ ನಡೆದು ಬಂದು, ತಮ್ಮ ಕೋಟಿಗೂ ಅತ್ತಿಗೂ ನಡುವೆ ನಿಂತು ಕೈ ಮುಗಿದರು.

"ನಮಸ್ಕಾರ್ರಿ ತಾಯಿ. ಕೈ ಪರೀಕ್ಷಾ ಆತು. ಕುಂಡ್ರಿ, ಈಗ ಕಣ್ಣ ನೋಡೂಣು."

ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು. ಬಲಗಣ್ಣಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು, ಎಡಗಣ್ಣಿಗೆ ಮಸುಕು ಆಕಾರ ಮಾತ್ರ. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು. ನಾನು ಅವಳ ಸೊಸೆ ಕಮಲಾಳನ್ನು ಹೊರಗೆ ಕರೆದು, ನಿನಗೆ ಗೊತ್ತಿರಲಿಲ್ಲವೇ ಎಂದು ದಬಾಯಿಸಿದೆ.

"ಗೊತ್ತಿಲ್ದ ಏನ್ರಿ ಅಕ್ಕಾ? ಅಕ್ಕಿ ಹಸನ ಮಾಡೂದು ಬಿಟ್ರು. ಯಾಕತ್ತಿ ಅಂದ್ರ, ಈಗಿನ ಅಕ್ಕ್ಯಾಗ ಕಲ್ಲು ಎಲ್ಲಿರ್ತಾವ ಅಂದ್ರು."

"ಹೇಳಬೇಕಿತ್ತು ನೀನು."

"ಅತ್ತಿಗೆ ಕಣ್ಣ ಕಾಣವಲ್ವು ಅಂತ ಸೊಸಿ ಹೇಳಿದ್ರ, ಮಂದಿ ಏನಂತಾರ? ಆಕಿಗೆ ಅತ್ತಿ ಮಗ್ಗ ತನ್ನ ಕೈಗೆ ಬೇಕಾಗೇತಿ ಅಂತಾರ. ಮತ್ತ, ನಮ್ಮತ್ತಿ ಕಿವಿ ಅದಾವಲ್ರಿ, ಬೆಕ್ಕು ಅಂಗಳಾ ದಾಟಿದ್ರ ಯಾರ ಮನೀದು ಅಂತ ಹೇಳ್ತಾರ. ಅಷ್ಟ ಕಿವಿ ಇದ್ದಾಕಿ ಕಣ್ಣ ಯಾರ ಕೇಳ್ತಾರ?"

ಪರೀಕ್ಷೆಯಲ್ಲಿ ಪಾಸಾದವರನ್ನೆಲ್ಲ ವಾಪಸು ಕರೆತರಬೇಕೆಂದು ಡಾಕ್ಟರು ಅಪ್ಪಣೆ ಮಾಡಿದರು. "ಬಾಯಾರ, ನಿಮ್ಮ ಉಪಾಯ ಉತ್ತಮ ಐತಿ. ಬೆಟಗೇರಿ ಬೆರಳಿಗೆ ಏನೂ ಆಗಿಲ್ಲ ಅಂತ ಸಿದ್ಧ ಆತು" ಎಂದು ಸೇರಿಸಿದರು. ಆ ಸಂಜೆ ನಾನು ಮನೆಮನೆಗೆ ತಿರುಗಿದೆ. ಹಿಂದೆಂದೂ ಯಾರೂ ನನಗೆ ಅಷ್ಟು ಬೈದಿರಲಿಲ್ಲ. "ಒಮ್ಮೆ ಪಾಸ್ ಆದಾಕಿನ್ನ ಮತ್ತ ನಪಾಸ್ ಮಾಡ್ತಾರೇನ? ಇದ್ಯಾವ ಸಾಲ್ಯಾಗಿನ ಕಾಯ್ದೆ?" ಎಂದು ಒಬ್ಬಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ಕೂಗಿದಳು. ನಾನು ಹೊಸ್ತಿಲಲ್ಲಿ ನಿಂತು, ತಪ್ಪು ನಿಮ್ಮದಲ್ಲ, ಪರೀಕ್ಷೆ ಮಾಡಿದವಳದ್ದು ಎಂದು ಹೇಳುತ್ತ ಹೋದೆ. ಆರನೆಯ ಮನೆಗೆ ಬರುವ ಹೊತ್ತಿಗೆ ಆ ಮಾತು ಬಾಯಿಗೆ ಸಲೀಸಾಗಿ ಬರತೊಡಗಿತು. ಕನ್ನಡಕ ಹಾಕಿಕೊಂಡೇ ಇದ್ದೆ. ಕತ್ತಲಾಗುವುದರೊಳಗೆ ಎಲ್ಲರೂ ಒಪ್ಪಿಕೊಂಡರು. ಅವರಲ್ಲಿ ಹಲವರಿಗೆ ಪೊರೆ ಇತ್ತು, ಒಬ್ಬಳಿಗಂತೂ ನಲವತ್ತೂ ಆಗಿರಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಆ ಸಂಜೆಯನ್ನು ಹೇಳುತ್ತೇನೆ. ಆ ಕೆಲಸ ಬಿದ್ದದ್ದು ಯಾಕೆ ಎಂದು ಅವರು ಕೇಳದಿದ್ದರೆ ಸಾಕು.

ಆಪರೇಷನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲ್ಲಾಡಿಸದೆ ಅಂಗಾತ ಮಲಗಿರಬೇಕು ಎಂದಿದ್ದರು. ನೀಲತ್ತಿ ತಲೆ ಅಲ್ಲಾಡಿಸಲಿಲ್ಲ, ಬಾಯಿ ನಿಲ್ಲಿಸಲಿಲ್ಲ. ಶಾಲೆಯ ಕೋಣೆಯಲ್ಲಿ ಮಲಗಿಯೇ ಯಾವ ಬಳೆ ಯಾರದು, ಯಾರ ಮನೆಯಿಂದ ಬಂದ ಸಾರಿಗೆ ಉಪ್ಪು ಕಡಿಮೆ, ಎಲ್ಲ ಹೇಳುತ್ತಿದ್ದಳು. ಪಟ್ಟಿ ಬಿಚ್ಚಿದ ಕೆಲವು ವಾರಗಳ ಮೇಲೆ ದಪ್ಪ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅವಳು ಮೊದಲು ನೋಡಿದ್ದು ತನ್ನ ಅಡುಗೆಮನೆಯ ಗೋಡೆ. "ಇಷ್ಟ ದಿನ ಇಷ್ಟ ಹೊಲಸಿನ್ಯಾಗ ಉಂಡೇನೇನ ನಾನು?" ಎಂದಳು. ಕಮಲಾ ಆ ದಿನವೇ ಸುಣ್ಣ ಕಲಸಿದಳು. ಎಳೆ ಜೋಡಿಸುವಾಗ ಮಾತ್ರ ಅತ್ತಿ ಈಗಲೂ ಕನ್ನಡಕ ತೆಗೆದಿಡುತ್ತಾಳೆ. ಕಂಡರೆ ಕೈ ತಪ್ಪುತ್ತದಂತೆ.

ಈಗ ರಾಜ್ಯ ಒಂದಾಗಿದೆ, ಫಾರ್ಮುಗಳು ಕನ್ನಡದಲ್ಲೇ ಬರುತ್ತವೆ, ನನಗೆ ಬೆನ್ನಿಗೆ ಬರೆಯುವ ಕೆಲಸವಿಲ್ಲ. ಶಿಬಿರಗಳು ನಡೆಯುತ್ತಲೇ ಇವೆ, ನಾನು ಊರೂರಿಗೆ ಹೋಗುತ್ತಲೇ ಇದ್ದೇನೆ, ಆದರೆ ಭಾಷಣ ನನ್ನದಲ್ಲ, ನೀಲತ್ತಿಯದು. ನನ್ನ ಅರ್ಧ ಗಂಟೆಯ ಮಾತಿನಿಂದ ಆಗದ್ದು ಅವಳ ಒಂದು ಮಾತಿನಿಂದ ಆಗುತ್ತದೆ. "ನಾ ಗೂಟದ ಮ್ಯಾಲಿನ ಕೋಟಿಗೆ ಶರಣು ಮಾಡಿದಾಕಿ. ನೀವು ಯಾತಕ್ಕ ಮಾಡೀರಿ, ಹೇಳ್ರಿ" ಎಂದು ಶುರು ಮಾಡುತ್ತಾಳೆ. ಹೆಂಗಸರು ಮೊದಲು ನಗುತ್ತಾರೆ, ಆಮೇಲೆ ಒಬ್ಬೊಬ್ಬರೇ ತಾವು ಅಡಗಿಸಿಟ್ಟದ್ದನ್ನು ಹೇಳಿಕೊಳ್ಳುತ್ತಾರೆ. ಕತೆ ಊರಿಂದ ಊರಿಗೆ ಬೆಳೆದಿದೆ. ಲಕ್ಷ್ಮೇಶ್ವರದಲ್ಲಿ ಬರೀ ಕೋಟು ಇತ್ತು, ಶಿರಹಟ್ಟಿಯಲ್ಲಿ ಕೋಟಿಗೆ ಪದಕ ಬಂತು, ಮೊನ್ನೆ ಮುಂಡರಗಿಯಲ್ಲಿ ಕೋಟು ತಿರುಗಿ ನಮಸ್ಕಾರ ಮಾಡಿತು. ಅಷ್ಟು ಸಲ ಕೇಳಿ ಕೇಳಿ, ಆ ದಿನ ನಾನು ಕಂಡದ್ದು ಯಾವುದು, ಅವಳಿಂದ ಕೇಳಿದ್ದು ಯಾವುದು ಎಂಬುದು ನನಗೇ ಬಿಡಿಸಲಾಗದಂತಾಗಿದೆ. ಆದರೂ ಅವಳು ಎದ್ದು ನಿಂತು ಮಾತಾಡುವಾಗ, ಈಕೆ ನನ್ನ ಅತ್ತಿ ಎಂದು ಪಕ್ಕದವರಿಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಮುಂಡರಗಿಯಿಂದ ಬಸ್ಸಿನಲ್ಲಿ ಬರುವಾಗ ಒಂದು ಸಂಶಯ ಹತ್ತಿಕೊಂಡಿತು. ಮನೆಗೆ ಬಂದು ಹಳೆಯ ದಿನಚರಿ ತೆಗೆದೆ. ಡಾಕ್ಟರು ಕಿಟಕಿಯ ಹತ್ತಿರ ಕೂತಿದ್ದರು ಎಂದೇ ಬರೆದಿದ್ದೇನೆ. "ಹೋಗಿ ಬರ್ರಿ" ಎಂದದ್ದು ಅಲ್ಲಿಂದಲೇ. ಬೆಕ್ಕಿನ ಹೆಜ್ಜೆ ಗುರುತಿಸುವ ಕಿವಿಗೆ ಅಷ್ಟು ದೊಡ್ಡ ಗಂಟಲಿನ ಡಾಕ್ಟರು ಯಾವ ಕಡೆ ಇದ್ದಾರೆ ಎಂದು ತಿಳಿಯದೆ ಹೋಯಿತೇ? ಓಣಿಯ ಮಂದಿಯ ಎದುರು ಸೊಸೆಯೂ ಹೇಳುವ ಹಾಗಿಲ್ಲ, ಅತ್ತಿ ತಾನಾಗಿಯೂ ಹೇಳುವ ಹಾಗಿಲ್ಲ. ನನ್ನ ಪರೀಕ್ಷೆಯಲ್ಲಿ ಸೋತು ನನ್ನನ್ನು ನಗೆಪಾಟಲು ಮಾಡುವ ಹಾಗಂತೂ ಇಲ್ಲವೇ ಇಲ್ಲ. ಹಾಗಾದರೆ ಮೊದಲು ನನ್ನನ್ನು ಗೆಲ್ಲಿಸಿ, ಆಮೇಲೆ ಡಾಕ್ಟರಿಗೆ ತಿಳಿಯುವಂತೆ ಮಾಡಲು ಅವಳಿಗೆ ಇದ್ದ ದಾರಿ ಅದೊಂದೇ ಆಗಿತ್ತೇ? ಅಥವಾ ಎಲ್ಲದರಲ್ಲೂ ನನ್ನನ್ನೇ ಕಾಣುವ ನನ್ನ ಹಳೆಯ ಚಾಳಿ ಇದೋ?

ನಿನ್ನೆ ಮಧ್ಯಾಹ್ನ ಅತ್ತಿ ಕನ್ನಡಕ ತೆಗೆದಿಟ್ಟು ಹೊಸ ಹಾಸಿನ ಎಳೆ ಜೋಡಿಸುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಅವಳು ನನ್ನತ್ತ ತಿರುಗದೆ, "ಬೂದಿ ಈ ಕಡಿ ಸರಸು" ಎಂದಳು. ಸರಿಸಿದೆ. ಆಮೇಲೆ, ಅವಳು ಮುಂದಿನ ಎಳೆ ಹೊಸೆಯುತ್ತಿರುವಾಗಲೇ ಕೇಳಿದೆ:

"ಅತ್ತಿ, ಡಾಕ್ಟರ್ ದನಿ ಕಿಟಕಿ ಕಡಿಯಿಂದ ಬಂದಿತ್ತು. ನೀ ಗ್ವಾಡಿ ಕಡಿ ಯಾಕ ಹೋದಿ?"