ಸೋವಿಯತ್ ಜನ ಅಂದರೆ ಯಾರು?

ಈಗ ಇಲ್ಲದೇ ಹೋದ ದೇಶದವರ ಜೊತೆ ಕೆಲಸ ಮಾಡಿದರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಅಮೆರಿಕದ ಸನ್ನಿವೇಲ್‌ ಊರಿನ ನಮ್ಮ ಆಫೀಸಿನಲ್ಲೂ ಆಯಿತು. ಅದು ಡಾಟ್‌ಕಾಂ ಗುಳ್ಳೆ ಒಡೆದ ಕಾಲ, ಅಂದರೆ ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ನನ್ನದು ಕೆಲಸದ ವೀಸಾ. ಕೆಲಸ ಹೋದರೆ ಹೆಂಡತಿ, ಮಗುವಿನ ಸಮೇತ ಅಮೆರಿಕವನ್ನೇ ಬಿಡಬೇಕು. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗದು.

೧. ಯಾವ ದೇಶ?

ನನ್ನ ಪಕ್ಕ ಕೂರುತ್ತಿದ್ದವಳು ಕೀವ್‌ನ ಹಿರಿಯ ಹೆಂಗಸು, ಎದುರಿಗೆ ತಾಷ್ಕೆಂಟಿನವನು. ಇಬ್ಬರನ್ನೂ ರಷ್ಯನ್ನರು ಅಂದುಬಿಟ್ಟೆ.

"ಅಲ್ಲ!" ಎಂದರು ಒಟ್ಟಿಗೆ.

"ಮತ್ತೆ?"

"ಸೋವಿಯತ್ ಜನ," ಎಂದಳು ಆಕೆ. "ಎಷ್ಟೇ ಜನಾಂಗವಿದ್ದರೂ ನಾವೆಲ್ಲ ಒಂದೇ ಜನ ಅಂತ ಶಾಲೆಯಲ್ಲಿ ಕಲಿಸಿದ್ದರು."

"ದೇಶ ಹೋಯಿತಲ್ಲ, ಈಗ?"

"ಈಗ ಬೈಯೋಕೆ ಬಳಸ್ತೀವಿ. ಇವನನ್ನೇ ನೋಡು, ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸ್ತಾನೆ. ಥೂ, ಸೋವಿಯತ್ ಮನುಷ್ಯ!"

ಅವನ ಮೇಜಿನ ಮೇಲೆ ದಾರಕ್ಕೆ ನೇತುಹಾಕಿದ್ದ ಚೀಲಗಳು ಏಸಿ ಗಾಳಿಗೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿದ್ದವು. ನಮ್ಮ ಮನೆಯ ಸಿಂಕಿನ ಮೇಲೂ ಅಷ್ಟೇ ಚೀಲಗಳಿದ್ದವು.

೨. ಖಾಲಿ ಕುರ್ಚಿ

ಶುಕ್ರವಾರ ಬಂತೆಂದರೆ ಯಾರಾದರೂ ಕೆಲಸ ಹೋಗಿ ಮಾಯ. ಕಾಫಿ ಕಪ್ಪು ಮಾತ್ರ ಉಳಿದಿರುತ್ತಿತ್ತು. ಒಮ್ಮೆ ಹಾಗೆ ಹೋದವನ ಹೆಸರೆತ್ತಿದೆ. ಆಕೆ, ಯಾರೂ ಕದ್ದು ಕೇಳದಂತೆ ತನ್ನ ಫೋನಿನ ಮೇಲೆ ಸ್ವೆಟರ್ ಹೊದಿಸಿ, "ಹೆಸರು ಹೇಳಬೇಡ. ನಮ್ಮಲ್ಲಿ ಪೊಲೀಸರು ಎಳೆದುಕೊಂಡು ಹೋದವರ ಹೆಸರು ಯಾರೂ ಹೇಳ್ತಿರಲಿಲ್ಲ," ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಅವನ ಖಾಲಿ ಕುರ್ಚಿಯ ಎದುರಿನ ಫೋನು ಬಡಿದುಕೊಂಡಿತು. ಮೂವರೂ ಕದಲಲಿಲ್ಲ. ಅದು ನಿಂತಿತು. ನನ್ನ ಫೋನು ಬಡಿಯಿತು. ಎತ್ತಿ, ಹಲೋ ಎಂದು ಪಿಸುಗುಟ್ಟಿದೆ.

"ರೀ, ಆಗ್ಲೇ ತಪ್ಪು ನಂಬರ್ ಒತ್ತಿಬಿಟ್ಟೆ," ಅಂದಳು ಹೆಂಡತಿ. "ಬರ್ತಾ ಮೊಸರು ತನ್ನಿ. ಅದ್ಯಾಕೆ ಪಿಸುಪಿಸು ಅಂತೀರಾ?"

೩. ಕ್ಯೂ

ಸೋವಿಯತ್ ಜನರದ್ದೊಂದು ಪದ್ಧತಿ: ಕ್ಯೂ ಕಂಡರೆ ಮೊದಲು ನಿಲ್ಲಬೇಕು, ಯಾಕೆಂದು ಆಮೇಲೆ ಕೇಳಬೇಕು. ತಡ ಮಾಡಿದರೆ ಸಾಮಾನು ಮುಗಿದೇಹೋಗುತ್ತಿತ್ತಂತೆ.

ಒಂದು ಬೆಳಿಗ್ಗೆ ಕಾರಿಡಾರಿನಲ್ಲಿ ಉದ್ದನೆಯ ಕ್ಯೂ. ಯಾರೂ ಮಾತಾಡುತ್ತಿಲ್ಲ. ತಾಷ್ಕೆಂಟಿನವನು ಓಡಿಹೋಗಿ ನಿಂತ.

"ಏನು ಕೊಡ್ತಾರೋ?" ಎಂದೆ.

"ಗೊತ್ತಿಲ್ಲ. ಬೇಗ ನಿಲ್ಲು!"

ಅವನ ಹಿಂದೆ ನಿಂತೆ. ಕೋಣೆಯೊಳಗೆ ಹೋದ ಒಬ್ಬರೂ ವಾಪಸು ಬರಲಿಲ್ಲ. ಅವನೂ ಬರಲಿಲ್ಲ. ಆ ಕೋಣೆಗೆ ಹಿಂದೊಂದು ಬಾಗಿಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಒಳಗೆ ಮ್ಯಾನೇಜರಮ್ಮ, ಸುತ್ತ ಸಾಮಾನು ತುಂಬಿಕೊಂಡು ಹೋಗಲೆಂದು ಇಟ್ಟ ರಟ್ಟಿನ ಪೆಟ್ಟಿಗೆಗಳು.

"ನಿನ್ನನ್ನ ಯಾರು ಕರೆದರು?"

"ಯಾರೂ ಇಲ್ಲ. ಕ್ಯೂ ಇತ್ತು."

"ಇದು ಕೆಲಸದಿಂದ ತೆಗೆದವರ ಕ್ಯೂ!"

"ನನ್ನನ್ನೂ...?"

"ಇಲ್ಲಪ್ಪ. ಹೋಗಿ ಕೆಲಸ ಮಾಡು!"

ಹಿಂದಿನ ಬಾಗಿಲಿನಿಂದ ನನ್ನ ಜಾಗಕ್ಕೆ ಹೇಗೆ ಬಂದೆನೋ ತಿಳಿಯದು. ತಾಷ್ಕೆಂಟಿನವನು ಆಗಲೇ ಎರಡು ಖಾಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. "ನನ್ನನ್ನೂ ತೆಗೆದಿಲ್ಲವಂತೆ. ಗಟ್ಟಿ ರಟ್ಟು. ಕೇಳಿದೆ, ಕೊಟ್ಟರು," ಎಂದ.

ಕೀವ್‌ನ ಹೆಂಗಸು ಅವನನ್ನು ನೋಡಲೇ ಇಲ್ಲ. ನನ್ನ ಕಂಕುಳಲ್ಲಿದ್ದ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಥೂ," ಎಂದಳು ನನಗೆ, "ಸೋವಿಯತ್ ಮನುಷ್ಯ!"