ನವಿಲಿನ ಪಾಲು

ನಮ್ಮ ಕಾಕಾ ಒಂದು ಕಡೆ ಕೂತದ್ದನ್ನು ಕಂಡವರಿದ್ದರೆ ಹೇಳಿ, ನಾನೇ ಮಿರ್ಚಿ-ಮಂಡಕ್ಕಿ ಕೊಡಿಸುತ್ತೇನೆ! ಮದುವೆ ಪಂಕ್ತಿಯಲ್ಲೂ ಹೋಳಿಗೆ ಬರುವ ಮೊದಲೇ ಎದ್ದುಬಿಡುತ್ತಾನೆ.

"ಎಲ್ಲಿಗೋ ಮಾರಾಯಾ?" ಎಂದು ಪಕ್ಕದವರು ಕೇಳಿದರೆ,

"ಹೊಲಕ್ಕ. ನವಿಲ ಅಷ್ಟ ಅದಾವು, ಯಾರೂ ಇಲ್ಲ."

ಬಂಕಾಪುರದ ಹತ್ತಿರ ನಮ್ಮ ಮುತ್ತಜ್ಜನ ಕಾಲದ ಹೊಲ, ಕಲ್ಲು ಕಟ್ಟಿದ ಬಾವಿ. ಊರವರೆಲ್ಲ ಡಬ್ಬಿ ಬಡಿದು ನವಿಲು ಓಡಿಸಿದರೆ, ಕಾಕಾ ಡಬ್ಬಿ ಬಡಿಯುವವರನ್ನೇ ಓಡಿಸುತ್ತಾನೆ! ಒಂದು ಮಳೆಗಾಲ ಹೆಣ್ಣು ನವಿಲು ಶೇಂಗಾದ ನಡುವೆ ಮೊಟ್ಟೆ ಇಟ್ಟಿತು. ಕಾಕಾ ಹೊರಸು-ಮಂಚ ಹಾಕುವಷ್ಟು ಜಾಗವನ್ನು ಕಳೆ ತೆಗೆಯದೆ ಬಿಟ್ಟ. ಮರುವರ್ಷ ಅದು ಬೇರೆ ಕಡೆ ಇಟ್ಟಿತು. ಅಲ್ಲೂ ಬಿಟ್ಟ. ಹಳೆಯ ಜಾಗವನ್ನಾದರೂ ಉಳಬೇಕೋ ಬೇಡವೋ? "ತಿರುಗಿ ಬಂದ್ರ ಏನ್ ಮಾಡ್ಲಿ?" ಎಂದ. ಈಗ ಆ ಹೊಲದಲ್ಲಿ ಶೇಂಗಾ ಹುಡುಕಬೇಕು!

ಹೆದ್ದಾರಿ ಹತ್ತಿರವಲ್ಲವೇ, ಪ್ಲಾಟು ಮಾಡುವವರು ಬಂದರು. "ಜಾಗಾ ಭಾರಿ ಐತ್ರಿ ಕಾಕಾರ, ಖಾಲಿ ಮಾಡಿ ಕೊಡ್ರಿ."

"ನಾ ತಯಾರ್ರೀ. ಬಾಡಿಗಿಯವರ ಬಿಡವಲ್ಲರು," ಎಂದು ಬೇವಿನ ಮರದ ಮೇಲಿದ್ದ ನವಿಲುಗಳನ್ನು ತೋರಿಸಿದ.

ಆದರೆ ಅಂದಿನಿಂದ ಅವನ ಚಡಪಡಿಕೆ ಇಮ್ಮಡಿಯಾಯಿತು. ತಾನು ಹೋದ ಮೇಲೆ ಹೊಲ ಉಳಿಯುತ್ತದೆಯೇ? ಕೊನೆಗೆ, ಯಾರೂ ಮಾರದಂತೆ, ಕಟ್ಟದಂತೆ ನವಿಲುಗಳಿಗಾಗಿ ಅರಣ್ಯ ಇಲಾಖೆಗೆ ಬರೆದುಕೊಡುತ್ತೇನೆಂದು ಹೊರಟ. ಅರ್ಧ ಪಾಲು ತೀರಿಹೋದ ನನ್ನಪ್ಪನದು, ಅಂದರೆ ಈಗ ನನ್ನದು. ನನ್ನ ಸಹಿ ಬೇಕು. ಕಾಗದ ಹಿಡಿದು ಶಿಗ್ಗಾಂವದ ನಮ್ಮ ಮನೆಗೆ ದಿನಾ ಬರತೊಡಗಿದ. ಚಹಾ ಕುದಿಯುವುದರೊಳಗೆ ಎದ್ದು ಹೋಗುತ್ತಿದ್ದ. ಅಲ್ಲೊಂದು ಮನೆ ಕಟ್ಟಿಸುವ ಆಸೆ ನನಗೂ ಇತ್ತಲ್ಲ! ಒಂದು ದಿನ ತಲೆಕೆಟ್ಟು ಹೊಲಕ್ಕೇ ಹೋಗಿ ಕೇಳಿದೆ.

"ಕಾಕಾ, ನನ್ನ ಪಾಲರ ಬಿಡು."

ಕಾಕಾ ಬಾವಿಯ ಬದಿಯನ್ನು ತೋರಿಸಿದ. "ನಿಮ್ಮಪ್ಪ ಕಡೀ ಸೀಗಿ ಹುಣ್ಣಿಮಿಗೆ ಭೂಮಿತಾಯಿಗೆ ಅಂತ ಕಡಬು, ಅನ್ನ ಚರಗ ಚೆಲ್ಲಿದ್ದು ಇಲ್ಲೇ. ನವಿಲ ಬಂದು ತಿಂದ್ವು. ‘ತಮ್ಮಾ, ನನ್ನ ಪಾಲು ಇವಕ್ಕ ಮುಟ್ಟಿತು ನೋಡು’ ಅಂತ ನಕ್ಕ. ಚೆಲ್ಲಿದ ಚರಗಾನ ಯಾರರ ತಿರುಗಿ ಆರಿಸ್ಕೊಂತಾರೇನಪಾ?"

ಅವನ ಕಿಸೆಯಲ್ಲಿದ್ದ ಕಾಗದ ಇಸಿದುಕೊಂಡೆ. ಪೆನ್ನು ತೆಗೆದೆ. ಬಾವಿಯ ಕಲ್ಲೆಲ್ಲ ಉಬ್ಬುತಗ್ಗು, ಇಟ್ಟು ಬರೆಯಲು ಬೇರೇನೂ ಇರಲಿಲ್ಲ. ಕಾಕಾ ಬಗ್ಗಿ ಬೆನ್ನು ಕೊಟ್ಟ. ಚಿಕ್ಕಂದಿನಲ್ಲಿ ನನ್ನನ್ನು ಹೊತ್ತು ಬದು ಸುತ್ತಿಸಿದ ಬೆನ್ನು ಅದು. ಈಗ ಅಂಗಿಯೊಳಗಿನ ಎಲುಬು ಪೆನ್ನಿಗೆ ತಗಲುತ್ತಿತ್ತು. ನೋವಾದೀತೆಂದು ಮೆಲ್ಲಗೆ ಹೆಸರು ಬರೆದೆ.

"ಆತೇನೋ?" ಎಂದ.

ಆಗಿತ್ತು. "ಇನ್ನೂ ಇಲ್ಲ ಕಾಕಾ," ಎಂದು ಆ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ಅತ್ತೆ.