ನನ್ನ ಕೈಗುಣದ ಕಾಟ

ಹೊಗಳಿಕೆಯಿಂದ ಹಾಳಾದವರಲ್ಲಿ ನಾನೂ ಒಬ್ಬ. ಹೊಗಳಿದ್ದಾದರೂ ಎಂಥದ್ದಕ್ಕೆ ಅಂತೀರಿ? ತೊಳೆಯುವುದಕ್ಕೆ. ಪೀಣ್ಯದ ಒಂದು ಔಷಧ ಪರೀಕ್ಷಾ ಲ್ಯಾಬಿನಲ್ಲಿ ನನ್ನ ಕೆಲಸ. ಮಾತ್ರೆಯಲ್ಲಿ ಬೆರೆತ ಕಲ್ಮಶವನ್ನು ಅಣುವಿನ ತೂಕದಿಂದಲೇ ಹಿಡಿದುಕೊಡುವ ಮಾಸ್ ಸ್ಪೆಕ್ಟ್ರೋಮೀಟರ್ ಅಲ್ಲಿದೆ. ಈ ಮಹರಾಯನಿಗೆ ಸೋರ್ಸ್ ಎಂಬ ಪುಟ್ಟ ಉಕ್ಕಿನ ಭಾಗವೊಂದುಂಟು. ಸ್ಯಾಂಪಲ್ಲು ಮೊದಲು ಬಂದು ಬೀಳುವುದೇ ಅಲ್ಲಿ. ಅದಕ್ಕೆ ಕೊಳೆ ಹಿಡಿದರೆ ಇಡೀ ಲ್ಯಾಬು ಕೈಕಟ್ಟಿ ಕೂರಬೇಕು. ಆಗ ಅದನ್ನು ಬಿಚ್ಚಿ, ನುಣ್ಣನೆಯ ಪುಡಿ ಹಾಕಿ ಹತ್ತಿಯ ಕಡ್ಡಿಯಲ್ಲಿ ಉಜ್ಜಿ, ಮೆಥನಾಲಿನಲ್ಲಿ ಜಾಲಾಡಿಸಿ, ಒಣಗಿಸಿ, ಗ್ಲೌಸ್ ಹಾಕಿಕೊಂಡೇ ಮತ್ತೆ ಜೋಡಿಸಬೇಕು. ಬೆರಳಿನ ಜಿಡ್ಡು ತಾಕಿದರೂ ಅದು ತಕರಾರು ತೆಗೆಯುತ್ತದೆ. ನಮ್ಮತ್ತೆ ಕೂಡ ಇಷ್ಟು ಮಡಿ ಮಾಡುವವರಲ್ಲ.

ಒಂದು ಸಲ ಯಾರು ಉಜ್ಜಿದರೂ ಸರಿಹೋಗದ್ದು ನಾನು ಉಜ್ಜಿದ ಮೇಲೆ ಸರಿಹೋಯಿತು. ಅವತ್ತಿಗೆ ಮುಗಿಯಿತು ನನ್ನ ಕಥೆ. ನಿಮ್ಮ ಕೈಗುಣ ಕಣ್ರೀ ಎಂದು ಮ್ಯಾನೇಜರು ಬೆನ್ನು ತಟ್ಟಿದರು. ವಿಜ್ಞಾನ ಓದಿದ ನಾವೆಲ್ಲ ಅದನ್ನು ನಂಬಿದೆವು. ನಾನು ಎಲ್ಲರಿಗಿಂತ ಜಾಸ್ತಿ ನಂಬಿದೆ. ಅಂದಿನಿಂದ ಮೆಷಿನ್ನು ಮುನಿಸಿಕೊಂಡಾಗಲೆಲ್ಲ ನನಗೇ ಫೋನು. ಎಷ್ಟು ನಾಮಕರಣ, ಎಷ್ಟು ಆರತಕ್ಷತೆಗಳಿಂದ ಅರ್ಧಕ್ಕೇ ಎದ್ದು ಓಡಿದ್ದೇನೋ! ಥೂ, ಇದೂ ಒಂದು ಜನ್ಮವೇ ಎಂದು ಗೊಣಗುತ್ತಲೇ ಓಡುತ್ತಿದ್ದೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು, ನಿಜಕ್ಕೂ ಸಾಕಾಗಿ ಹೋಗಿತ್ತು.

ಹೋದ ಶನಿವಾರ ಹೂಡಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಈ ಸಲವೂ ಎಲೆ ಬಿಟ್ಟು ಎದ್ದರೆ ಮನೆ ಕಡೆ ಬರಲೇಬೇಡಿ ಎಂದು ಹೆಂಡತಿ ಸುಜಾತ ಹೇಳಿಬಿಟ್ಟಿದ್ದಳು. ಅದೇ ದಿನ ಸೋರ್ಸ್ ತೊಳೆಯಬೇಕಿತ್ತು. ಲಗ್ಗೆರೆಯಿಂದ ಬರುವ ಸಹೋದ್ಯೋಗಿ ಶಶಿಕಲಾಗೆ ಹಿಂದಿನ ದಿನವೇ ಎಲ್ಲ ತೋರಿಸಿಕೊಟ್ಟು, ಏನಾದರೂ ಆದರೆ ಫೋನ್ ಮಾಡು, ಸಂಕೋಚ ಪಡಬೇಡ ಎಂದು ನೂರು ಸಲ ಹೇಳಿ ಬಂದೆ.

ಊಟಕ್ಕೆ ಕೂತೆವು. ಹೋಳಿಗೆ ಬಂತು, ಫೋನು ಬರಲಿಲ್ಲ. ಸಿಗ್ನಲ್ ಇದೆಯೋ ಇಲ್ಲವೋ ಎಂದು ನೋಡಿಕೊಂಡೆ, ಇತ್ತು. ಮಜ್ಜಿಗೆ ಬರುವ ಹೊತ್ತಿಗೆ ತಡೆಯಲಾರದೆ ಎಡಗೈಯಲ್ಲಿ ನಾನೇ ಫೋನ್ ಮಾಡಿದೆ.

“ಎಲ್ಲಾ ಆಯ್ತು ಸಾರ್. ಒಂದ್ ಚೂರೂ ಕೊಳೆ ತೋರಿಸ್ತಿಲ್ಲ ಮೆಷಿನ್ನು,” ಎಂದಳು ಶಶಿಕಲಾ. “ಇನ್ಮೇಲೆ ಇದಕ್ಕೆಲ್ಲ ನೀವು ಬರೋದೇ ಬೇಡ ಸಾರ್, ಆರಾಮಾಗಿರಿ.”

ಎಷ್ಟು ವರ್ಷದಿಂದ ಕಾದಿದ್ದ ಮಾತು! ಕುಣಿದಾಡಬೇಕಿತ್ತು. ನನಗೋ ಹೊಟ್ಟೆ ಉರಿಯಿತು. ಇಷ್ಟು ವರ್ಷ ತೊಳೆದವನಿಗಾಗಿ ಆ ಮೆಷಿನ್ನು ಒಂದೇ ಒಂದು ಸಲ ಹಟ ಹಿಡಿಯಬಾರದಿತ್ತೇ? ಪಕ್ಕದಲ್ಲಿದ್ದ ಸುಜಾತ ನನ್ನ ಮುಖ ನೋಡಿ ನಿಟ್ಟುಸಿರುಬಿಟ್ಟಳು.

“ಕೆಟ್ಟೋಯ್ತಾ? ಹೋಗ್ಲಿ, ಹೊರಡಿ. ಪಾಪ, ನೀವಿಲ್ದೆ ಅಲ್ಲಿ ಏನೂ ನಡೆಯಲ್ಲ,” ಎಂದಳು, ಎದುರು ಸಾಲಿನವರಿಗೂ ಕೇಳುವಂತೆ.

ಎದುರು ಸಾಲಿನವರು ಗೌರವದಿಂದ ನನ್ನ ಕಡೆ ನೋಡಿದರು. ಹೌದೆಂಬಂತೆ ತಲೆಯಾಡಿಸಿದೆ. ಎದ್ದು ಕೈತೊಳೆದುಕೊಂಡು, ಮಾರತ್ತಹಳ್ಳಿ ಕಡೆಯ ಬಸ್ಸು ಹತ್ತಿ, ಎಲ್ಲಿಗೂ ಹೋಗಬೇಕಾದ ಕೆಲಸವಿಲ್ಲದೆ, ಸಂಜೆಯವರೆಗೂ ಟ್ರಾಫಿಕ್ಕಿನಲ್ಲಿ ಕೂತಿದ್ದೆ.